ಲೋಳೆ ದಾಟಬೇಕಾದ ಔಷಧ: ಗಾತ್ರಕ್ಕಿಂತ ಮೈಲೇಪವೇ ಮುಖ್ಯ

ಮೈಸೂರಿನಲ್ಲಿ ಈಗ ಯಾವ ಮೆಡಿಕಲ್ ಸ್ಟೋರಿನ ಕಪಾಟು ನೋಡಿದರೂ ‘ನ್ಯಾನೋ’ ಎಂದು ಅಚ್ಚಾದ ಡಬ್ಬಿ ಒಂದಲ್ಲ ಒಂದು ಸಿಗುತ್ತದೆ. ವಾರಕ್ಕೊಂದು ಕುಡಿಯುವ ವಿಟಮಿನ್ ಡಿ ಬಾಟಲಿ, ಅರಿಶಿನದ ಸತ್ವದ ಕ್ಯಾಪ್ಸೂಲು, ಚರ್ಮಕ್ಕೆ ಹಚ್ಚುವ ಜೆಲ್. ಮಂಡ್ಯದ ಕಡೆ ಹೋದರೆ ಗೊಬ್ಬರದಂಗಡಿಯಲ್ಲೂ ನ್ಯಾನೋ ಯೂರಿಯಾ ಇಟ್ಟಿರುತ್ತಾರೆ. ‘ಅಣ್ಣಾ, ನ್ಯಾನೋದೇ ಕೊಡಿ, ಅದು ಬೇಗ ಹಿಡಿಯುತ್ತಂತೆ’ ಎಂದು ಕೌಂಟರಿನಲ್ಲಿ ಕೇಳುವವರೂ ಇದ್ದಾರೆ. ಸಣ್ಣದಾದಷ್ಟೂ ಸಲೀಸಾಗಿ ಒಳಗೆ ಹೋಗುತ್ತದೆ ಎಂಬುದು ಆ ಮಾತಿನ ಹಿಂದಿನ ನಂಬಿಕೆ.

ನಂಬಿಕೆ ಅರ್ಧ ಸರಿ. ಪುಡಿ ಸಣ್ಣದಾದರೆ ಬೇಗ ಕರಗುತ್ತದೆ, ನೀರಿನಲ್ಲಿ ಕರಗಲು ಒಲ್ಲದ ಔಷಧಗಳಿಗೆ ಇದು ದೊಡ್ಡ ಅನುಕೂಲ. ಆದರೆ ಔಷಧ ಹೋಗಬೇಕಾದ ದಾರಿಯಲ್ಲಿ ಲೋಳೆ ಅಡ್ಡ ಇದ್ದರೆ ಲೆಕ್ಕ ಬದಲಾಗುತ್ತದೆ. ಕಣ್ಣು, ಮೂಗು, ಶ್ವಾಸನಾಳ, ಜಠರ, ಕರುಳು, ಗರ್ಭಕೊರಳು, ಹೀಗೆ ಹೊರಗಿನ ಗಾಳಿ, ನೀರು, ಅನ್ನ ಬಂದು ತಾಗುವ ಒದ್ದೆ ಜಾಗಗಳಲ್ಲೆಲ್ಲ ದೇಹ ಲೋಳೆಯ ಹೊದಿಕೆ ಹಾಕಿಕೊಂಡಿದೆ. ಅಲ್ಲಿ ಕಣದ ಗಾತ್ರ ಎರಡನೆಯ ಪ್ರಶ್ನೆ. ಅದರ ಮೈಗೆ ಏನು ಬಳಿದಿದ್ದಾರೆ, ಎಷ್ಟು ಒತ್ತಾಗಿ ಬಳಿದಿದ್ದಾರೆ ಎಂಬುದು ಮೊದಲನೆಯದು. ಕಳೆದ ಇಪ್ಪತ್ತೈದು ವರ್ಷಗಳ ಸಂಶೋಧನೆಯಿಂದ ಸ್ಪಷ್ಟವಾಗಿರುವುದು ಇದು. ಡಬ್ಬಿಯ ಮೇಲೆ ಅಚ್ಚಾಗದೆ ಉಳಿಯುವುದೂ ಇದೇ.

ಲೋಳೆಯಲ್ಲಿ ಹೆಚ್ಚುಕಮ್ಮಿ ಶೇ. 95ರಷ್ಟು ನೀರು. ಉಳಿದದ್ದರಲ್ಲಿ ಉಪ್ಪು, ಕೊಬ್ಬು, ಸತ್ತ ಜೀವಕೋಶಗಳ ಚೂರು ಎಲ್ಲ ಇರುತ್ತವೆ. ಆದರೆ ಅದಕ್ಕೆ ಅಂಟುಗುಣ ಕೊಡುವುದು ಮ್ಯೂಸಿನ್ ಎಂಬ ಪ್ರೋಟೀನು. ಇದು ಉದ್ದನೆಯ ಎಳೆ. ಎಳೆಯ ಬಹುಭಾಗಕ್ಕೆ ಸಕ್ಕರೆಯ ಸರಪಳಿಗಳು ಒತ್ತೊತ್ತಾಗಿ ಅಂಟಿಕೊಂಡಿವೆ. ಆ ಸಕ್ಕರೆಗಳಲ್ಲಿರುವ ಸಯಾಲಿಕ್ ಆಮ್ಲ ಮತ್ತು ಸಲ್ಫೇಟುಗಳಿಂದಾಗಿ ಎಳೆಗೆ ಋಣ ವಿದ್ಯುದಂಶ ಬರುತ್ತದೆ. ನಡುನಡುವೆ ಸಕ್ಕರೆಯಿಲ್ಲದ ಬೋಳು ತುಣುಕುಗಳಿವೆ. ಅವು ನೀರಿಗಿಂತ ಎಣ್ಣೆಯಂಥ ವಸ್ತುಗಳ ಜೊತೆ ಹೆಚ್ಚು ಒಗ್ಗುತ್ತವೆ. ಇಂಥ ಎಳೆಗಳು ಗಂಧಕದ ಕೊಂಡಿಗಳಿಂದ ಒಂದಕ್ಕೊಂದು ಸೇರಿಕೊಂಡು ಬಲೆಯಾಗುತ್ತವೆ. ಬಲೆಯ ಕಣ್ಣಿಗಿಂತ ದೊಡ್ಡದಾದದ್ದು ಅಲ್ಲೇ ನಿಲ್ಲುತ್ತದೆ. ಸಣ್ಣದಾಗಿದ್ದೂ ಧನ ವಿದ್ಯುದಂಶ ಹೊತ್ತದ್ದು ಸಕ್ಕರೆಗೆ ಸಿಕ್ಕಿಬೀಳುತ್ತದೆ, ಎಣ್ಣೆ ಸ್ವಭಾವದ್ದು ಬೋಳು ಭಾಗಕ್ಕೆ ಅಂಟಿಕೊಳ್ಳುತ್ತದೆ.

ಮಂಡ್ಯದ ಆಲೆಮನೆಯಲ್ಲಿ ಬೆಲ್ಲ ಕಾಯಿಸುವುದನ್ನು ನೋಡಿದವರಿಗೆ ಈ ಕೆಲಸ ಹೊಸದಲ್ಲ. ಬೆಂಡೆ ಗಿಡದ ಕಾಂಡ, ಬೇರು ಜಜ್ಜಿ ನೀರಿನಲ್ಲಿ ನೆನೆಹಾಕಿ, ಬಿಟ್ಟುಕೊಂಡ ಲೋಳೆಯನ್ನು ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಹುಯ್ಯುತ್ತಾರೆ. ಸ್ವಲ್ಪ ಹೊತ್ತಿಗೆ ಮಣ್ಣು, ಸಿಪ್ಪೆಯ ನಾರು, ಕಣ್ಣಿಗೆ ಕಾಣದ ಮಡ್ಡಿಯೆಲ್ಲ ಆ ಲೋಳೆಗೆ ಸಿಕ್ಕಿ ಕರಿ ನೊರೆಯಾಗಿ ಮೇಲೆ ಬರುತ್ತದೆ. ಜಾಲರಿ ಸೌಟಿನಲ್ಲಿ ಅದನ್ನು ತೆಗೆದುಹಾಕಿದರೆ ಕೆಳಗೆ ತಿಳಿಹಾಲು. ಸಕ್ಕರೆ ಮಾತ್ರ ಲೋಳೆಗೆ ಸಿಗದೆ ಉಳಿದುಕೊಳ್ಳುತ್ತದೆ. ಬೆಂಡೆಯ ಲೋಳೆಯೂ ಸಕ್ಕರೆಗಳ ಉದ್ದ ಎಳೆಯೇ, ಅದಕ್ಕೂ ಋಣ ವಿದ್ಯುದಂಶವಿದೆ. ನಮ್ಮ ಶ್ವಾಸನಾಳದಲ್ಲಿ ನಡೆಯುವುದೂ ಇದೇ ಬಗೆಯ ಕೆಲಸ. ಧೂಳು, ಹೊಗೆಯ ಕಣ, ಬ್ಯಾಕ್ಟೀರಿಯಾ ಲೋಳೆಗೆ ಸಿಗುತ್ತವೆ, ಕೆಳಗಿನ ರೋಮಗಳು ಅದನ್ನು ಗಂಟಲಿನ ಕಡೆಗೆ ದೂಡುತ್ತವೆ, ನಾವು ಕ್ಯಾಕರಿಸಿ ಉಗುಳುತ್ತೇವೆ ಇಲ್ಲವೇ ಅರಿವಿಲ್ಲದೆ ನುಂಗುತ್ತೇವೆ. (ಈಗ ಎಷ್ಟೋ ಆಲೆಮನೆಗಳಲ್ಲಿ ಬೆಂಡೆ ಬಿಟ್ಟು ಹೈಡ್ರೋಸ್ ಪುಡಿ ಹಾಕಿ ಬೆಲ್ಲವನ್ನು ಬಿಳಿ ಮಾಡುತ್ತಾರೆ. ಅದು ಬೇರೆಯೇ ಸಂಕಟ.)

ತೊಂದರೆ ಏನೆಂದರೆ, ಔಷಧದ ಕಣ ಬಂದರೂ ಲೋಳೆ ಅದನ್ನು ಧೂಳೆಂದೇ ಹಿಡಿಯುತ್ತದೆ. ಜೊತೆಗೆ ಲೋಳೆ ನಿಂತ ನೀರಲ್ಲ. ಕಣ್ಣಿನ ಕಣ್ಣೀರು ಕೆಲವೇ ನಿಮಿಷಗಳಲ್ಲಿ ಬದಲಾಗುತ್ತದೆ, ಕರುಳಿನ ಲೋಳೆ ಗಂಟೆಗಳ ಲೆಕ್ಕದಲ್ಲಿ. ಮೇಲುಪದರಕ್ಕೆ ಅಂಟಿಕೊಂಡ ಕಣ, ಆ ಪದರದ ಜೊತೆಗೇ ಆಚೆ ಹೋಗುತ್ತದೆ. ಔಷಧ ಕೊಡುವವರ ಕೈಲಿರುವ ಸಮಯ ಅಷ್ಟೇ. ಅಷ್ಟರೊಳಗೆ ಕಣ ಕೆಳಗಿನ, ನಿಧಾನವಾಗಿ ಬದಲಾಗುವ ಪದರವನ್ನು ಮುಟ್ಟಬೇಕು.

ವೈರಸ್ ಕೊಟ್ಟ ಸುಳಿವು

ಲೋಳೆಯನ್ನು ದಾಟುವುದು ಸಾಧ್ಯವೇ ಇಲ್ಲ ಎಂದಿದ್ದರೆ ನಮಗೆ ಶೀತವೂ ಬರುತ್ತಿರಲಿಲ್ಲ, ವಾಂತಿಭೇದಿಯೂ ಆಗುತ್ತಿರಲಿಲ್ಲ. ವೈರಸ್‌ಗಳು ದಾಟುತ್ತವೆ. ಹೇಗೆ ಎಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಿಚರ್ಡ್ ಕೋನ್ ಮತ್ತು ಸಂಗಡಿಗರು ಹುಡುಕಿದರು. 2001ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ವಾಂತಿಭೇದಿ ತರುವ ನಾರ್ವಾಕ್ ವೈರಸ್ಸಿನ ಸುಮಾರು 38 ನ್ಯಾನೋಮೀಟರಿನ ಹೊರಚಿಪ್ಪು (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೋಮೀಟರು) ಮತ್ತು 55 ನ್ಯಾನೋಮೀಟರಿನ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಹೊರಚಿಪ್ಪು ಮನುಷ್ಯರ ಗರ್ಭಕೊರಳಿನ ಲೋಳೆಯೊಳಗೆ ಬರೀ ಉಪ್ಪುನೀರಿನಲ್ಲಿ ಓಡಾಡುವಷ್ಟೇ ಸರಾಗವಾಗಿ ಓಡಾಡಿದವು. ಅದೇ ಲೋಳೆಗೆ ಬಿಟ್ಟ 59 ನ್ಯಾನೋಮೀಟರಿನ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಮಣಿಗಳು ಗಟ್ಟಿಯಾಗಿ ಅಂಟಿಕೊಂಡು ನಿಂತುಬಿಟ್ಟವು. 55 ಮತ್ತು 59ರ ನಡುವಿನ ಅಂತರ ಏನೇನೂ ಅಲ್ಲ. ವ್ಯತ್ಯಾಸವಿದ್ದದ್ದು ಮೈಯಲ್ಲಿ. ಆ ವೈರಸ್ಸುಗಳ ಮೈಮೇಲೆ ಧನ ಮತ್ತು ಋಣ ಅಂಶಗಳು ಒತ್ತಾಗಿ, ಸರಿಸಮವಾಗಿ ಕೂತಿರುತ್ತವೆ. ಒಟ್ಟು ವಿದ್ಯುದಂಶ ಸೊನ್ನೆಗೆ ಹತ್ತಿರ, ನೀರಿನ ಜೊತೆ ಸ್ನೇಹ, ಲೋಳೆಗೆ ಹಿಡಿಯಲು ಜಾಗವೇ ಇಲ್ಲ.

ಅದೇ ವಿಶ್ವವಿದ್ಯಾಲಯದ ಜಸ್ಟಿನ್ ಹೇನ್ಸ್ ಅವರ ತಂಡ 2007ರಲ್ಲಿ ಇದನ್ನು ಕೃತಕ ಕಣಗಳ ಮೇಲೆ ಮಾಡಿ ತೋರಿಸಿತು. ಪಾಲಿಸ್ಟೈರೀನ್ ಕಣಗಳಿಗೆ ಪಾಲಿಎಥಿಲಿನ್ ಗ್ಲೈಕಾಲ್ ಎಂಬ ವಸ್ತುವನ್ನು ಒತ್ತಾಗಿ ಜೋಡಿಸಿದರು. ಔಷಧ ರಂಗದವರು ಇದನ್ನು ‘ಪೆಗ್’ ಎನ್ನುತ್ತಾರೆ. ಕೊಲೊನೊಸ್ಕೋಪಿಗೆ ಮುನ್ನಾದಿನ ಹೊಟ್ಟೆ ಖಾಲಿ ಮಾಡಲು ನೀರಿಗೆ ಕಲಸಿ ಕುಡಿಸುವ ಪುಡಿಯೂ ಇದೇ ಜಾತಿಯದು. ಲೇಪವಿಲ್ಲದ ಕಣಗಳು ನೀರಿಗಿಂತ ಲೋಳೆಯಲ್ಲಿ 2,400ರಿಂದ 40,000 ಪಟ್ಟು ನಿಧಾನ. ಲೇಪ ಹಾಕಿದ 500 ನ್ಯಾನೋಮೀಟರಿನ ಕಣ ನೀರಿಗಿಂತ ಬರೀ 4 ಪಟ್ಟು ನಿಧಾನ, 200ರದ್ದು 6 ಪಟ್ಟು.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ನೀರಿನಲ್ಲಿನ ತನ್ನದೇ ವೇಗಕ್ಕೆ ಹೋಲಿಸಿದರೆ 500ರ ಕಣ 200ರ ಕಣಕ್ಕಿಂತ ಕಡಿಮೆ ನಿಧಾನವಾಗಿದೆ. ದೊಡ್ಡದಕ್ಕೇ ಅಡ್ಡಿ ಕಡಿಮೆ! ಅಲ್ಲಿಯವರೆಗೆ ಲೋಳೆಯ ಬಲೆಯ ಕಣ್ಣು ಬಹಳ ಸಣ್ಣದು, ದೊಡ್ಡ ಕಣಗಳಿಗೆ ಅಲ್ಲಿ ದಾರಿಯೇ ಇಲ್ಲ ಎಂದುಕೊಂಡಿದ್ದರು. ಅಂಟಿಕೊಳ್ಳದ ಕಣಗಳು ಸಿಕ್ಕಿದ ಮೇಲೆ ಅವುಗಳನ್ನೇ ಅಳತೆಗೋಲು ಮಾಡಿಕೊಂಡು ಬಲೆಯ ಕಣ್ಣನ್ನು ಅಳೆದರು. 2010ರಲ್ಲಿ ಸಿಕ್ಕ ಸರಾಸರಿ ಸುಮಾರು 340 ನ್ಯಾನೋಮೀಟರು (ಸರಾಸರಿಗಿಂತ ದೊಡ್ಡ ಕಣ್ಣುಗಳೂ ಇರುತ್ತವೆ, 500ರ ಕಣಕ್ಕೆ ದಾರಿ ಅಂಥವೇ). ಬಹುಪಾಲು ನ್ಯಾನೋ ಔಷಧಗಳಿಗೆ ಅದು ಧಾರಾಳವಾದ ಬಾಗಿಲು. ಕಣಗಳನ್ನು ತಡೆಯುತ್ತಿದ್ದದ್ದು ಬಾಗಿಲಿನ ಅಗಲವಲ್ಲ, ಚೌಕಟ್ಟಿನ ಅಂಟು. ದೊಡ್ಡ ಕಣದಲ್ಲಿ ಔಷಧ ಹೆಚ್ಚು ತುಂಬಬಹುದು, ನಿಧಾನವಾಗಿ ಬಿಡುಗಡೆಯಾಗುವಂತೆಯೂ ಮಾಡಬಹುದು. ಹಾಗಾಗಿ ಇದು ಪ್ರಯೋಗಾಲಯದ ಕುತೂಹಲಕ್ಕೆ ಮುಗಿಯುವ ಸಂಗತಿಯಲ್ಲ.

ತಕ್ಕಡಿಯಲ್ಲಿ ತೂಗಿದ ಅಂಟು

ಇದಕ್ಕೂ ಮುಂಚೆ ಔಷಧ ವಿಜ್ಞಾನ ದಶಕಗಳ ಕಾಲ ಉಲ್ಟಾ ದಿಕ್ಕಿನಲ್ಲಿ ಯೋಚಿಸುತ್ತಿತ್ತು. ಲೋಳೆಗೆ ಅಂಟಿದರೆ ಔಷಧ ಹೆಚ್ಚು ಹೊತ್ತು ಅಲ್ಲೇ ಇರುತ್ತದೆ, ಆದ್ದರಿಂದ ಅಂಟಬೇಕು ಎಂಬುದು ಆಗಿನ ತರ್ಕ. ಅದರ ಮೆಚ್ಚಿನ ವಸ್ತು ಕೈಟೋಸಾನ್. ಸೀಗಡಿ, ಏಡಿಯ ಚಿಪ್ಪಿನಲ್ಲಿರುವ ಕೈಟಿನ್‌ನಿಂದ ಇದನ್ನು ತೆಗೆಯುತ್ತಾರೆ. ಮೈಸೂರಿಗೆ ಈ ವಸ್ತು ಅಪರಿಚಿತವಲ್ಲ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಕೈಟಿನ್, ಕೈಟೋಸಾನ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹುಳಿ ವಾತಾವರಣದಲ್ಲಿ ಕೈಟೋಸಾನ್‌ಗೆ ಧನ ವಿದ್ಯುದಂಶ ಬರುತ್ತದೆ, ಮ್ಯೂಸಿನ್‌ನ ಋಣಕ್ಕೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಜೀವಕೋಶಗಳ ನಡುವಿನ ಬಿಗಿ ಸಂದುಗಳನ್ನು ಸ್ವಲ್ಪ ಸಡಿಲಿಸುವ ಗುಣವೂ ಅದಕ್ಕಿದೆ.

ಅಂಟುವಿಕೆ ಇಷ್ಟು ಕಾಲ ಜನಪ್ರಿಯವಾಗಿದ್ದಕ್ಕೆ ತರ್ಕದಷ್ಟೇ ಮುಖ್ಯವಾದ ಇನ್ನೊಂದು ಕಾರಣ ಇದೆ ಎಂದು ನನಗನ್ನಿಸುತ್ತದೆ. ಅದನ್ನು ಅಳೆಯುವುದು ಅಗ್ಗ. ನಮ್ಮ ದೇಶದ ಫಾರ್ಮಸಿ ಕಾಲೇಜುಗಳಲ್ಲಿ ಎಂ.ಫಾರ್ಮ್ ಪ್ರಬಂಧಕ್ಕಾಗಿ ಕೆಲಸ ಮಾಡಿದವರನ್ನು ಕೇಳಿ. ಬೆಳಿಗ್ಗೆ ಎದ್ದು ಕಸಾಯಿಖಾನೆಗೆ ಹೋಗಿ ಕುರಿಯ ಮೂಗಿನ ಪೊರೆಯನ್ನೋ ಮೇಕೆಯ ಕರುಳನ್ನೋ ತಂದು, ಫಾಸ್ಫೇಟ್ ಬಫರಿನಲ್ಲಿ ತೊಳೆದು, ಐಸಿನಲ್ಲಿ ಇಡುತ್ತಾರೆ. ಹಳೆಯ ಭೌತ ತಕ್ಕಡಿಯ ಒಂದು ತಟ್ಟೆ ತೆಗೆದು ಅಲ್ಲಿ ಗಾಜಿನ ತುಂಡು ನೇತುಹಾಕಿ, ಅದಕ್ಕೆ ಮಾತ್ರೆ ಅಂಟಿಸಿ, ಪೊರೆಯ ಮೇಲೆ ಒತ್ತಿ ಹಿಡಿದು, ಇನ್ನೊಂದು ಕಡೆಗೆ ಗ್ರಾಂ ಲೆಕ್ಕದಲ್ಲಿ ತೂಕ ಹಾಕುತ್ತ ಹೋಗುತ್ತಾರೆ. ಎಷ್ಟು ತೂಕಕ್ಕೆ ಕಿತ್ತುಕೊಂಡಿತೋ ಅಷ್ಟು ಅದರ ಅಂಟುಬಲ. ಸಂಖ್ಯೆ ಸಿಕ್ಕಿತು, ಗ್ರಾಫ್ ಬಂತು, ಅಧ್ಯಾಯ ಮುಗಿಯಿತು. ಜಾರುವಿಕೆಯನ್ನು ಹೀಗೆ ತೂಗಲಾಗುವುದಿಲ್ಲ. ಹೊಳೆಯುವ ಬಣ್ಣ ಹಚ್ಚಿದ ಕಣಗಳನ್ನು ತಾಜಾ ಲೋಳೆಯೊಳಗೆ ಬಿಟ್ಟು, ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದ ಕೆಳಗೆ ಸೆಕೆಂಡಿಗೆ ಹತ್ತಾರು ಚಿತ್ರದಂತೆ ವಿಡಿಯೋ ತೆಗೆದು, ನೂರಾರು ಕಣಗಳ ಒಂದೊಂದು ಹೆಜ್ಜೆಯನ್ನೂ ಕಂಪ್ಯೂಟರಿನಲ್ಲಿ ಹಿಂಬಾಲಿಸಬೇಕು. ಅದಕ್ಕೆ ಬೇಕಾದ ಯಂತ್ರ, ಹಣ, ತಾಳ್ಮೆ ಎಲ್ಲರ ಹತ್ತಿರ ಇರುವುದಿಲ್ಲ. ಯಾವುದನ್ನು ಅಳೆಯಲು ಬರುತ್ತದೋ ಅದನ್ನೇ ಒಳ್ಳೆಯದೆಂದು ನಂಬುವ ರೂಢಿ ವಿಜ್ಞಾನಕ್ಕೂ ಇದೆ.

ಹಾಗೆಂದು ಅಂಟುವ ಔಷಧ ದಂಡ ಎಂದು ಹೇಳಲಾಗದು. ಬಾಯಿಯೊಳಗಿನ ಕೆನ್ನೆಗೆ ಅಂಟಿಸುವ ಪಟ್ಟಿ, ಬಾಯಿಹುಣ್ಣಿಗೆ ಹಚ್ಚುವ ಜೆಲ್ ಇವುಗಳಲ್ಲಿ ಅಂಟೇ ಬೇಕು. ಅಲ್ಲಿ ಲೋಳೆ ತೆಳು, ಗುರಿ ಅಲ್ಲೇ ಕೆಳಗಿದೆ. ಲೋಳೆ ದಪ್ಪವಾಗಿ ಬೇಗಬೇಗ ಹರಿದುಹೋಗುವ ಕಡೆ ಅದೇ ಗುಣ ಮುಳುವಾಗುತ್ತದೆ.

ಬಳಿದರೆ ಸಾಲದು

ಪೆಗ್ ಹಾಕಿದ ಮಾತ್ರಕ್ಕೆ ಕಣ ಜಾರುತ್ತದೆ ಎಂದೇನೂ ಇಲ್ಲ. ಹೇನ್ಸ್ ತಂಡವೇ 2008ರಲ್ಲಿ ತೋರಿಸಿದ ಪ್ರಕಾರ, ಪೆಗ್‌ನ ಎಳೆ ಗಿಡ್ಡವಾಗಿ (2,000 ಡಾಲ್ಟನ್ ಆಸುಪಾಸಿನ ಅಣುತೂಕ) ಒತ್ತಾಗಿದ್ದರೆ ಕಣ ಓಡುತ್ತದೆ. ಎಳೆ ಉದ್ದವಾಗಿ 10,000 ಡಾಲ್ಟನ್ ಆದಾಗ ಅದೇ ಪೆಗ್ ಲೋಳೆಯ ಎಳೆಗಳಿಗೆ ತೊಡರಿಕೊಂಡಿತು. ಗಿಡ್ಡ ಎಳೆಯೇ ಆದರೂ ಅಲ್ಲಲ್ಲಿ ವಿರಳವಾಗಿ ಹಾಕಿದರೆ, ನಡುವಿನ ಬೋಳು ಜಾಗದಿಂದ ಕಣ ಅಂಟಿಕೊಂಡಿತು. ಮುಂದೆ ಬಂದ ಪ್ರಯೋಗಗಳಲ್ಲಿ ಉದ್ದ ಎಳೆಯನ್ನೂ ಸಾಕಷ್ಟು ದಟ್ಟವಾಗಿ ನೆಟ್ಟರೆ ಕೆಲಸ ಮಾಡುತ್ತದೆ ಎಂದು ಕಂಡುಬಂತು. ಅಂದರೆ ಎಳೆಯ ಉದ್ದಕ್ಕಿಂತ ದಟ್ಟಣೆಯ ತೂಕ ಹೆಚ್ಚು. ಹೊರಗೆ ಬರುವ ಜಾಹೀರಾತುಗಳಲ್ಲಿ ‘ಪೆಗ್ ಲೇಪಿತ’ ಎಂದಷ್ಟೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ ಎನ್ನುವುದು ಇದಕ್ಕೇ.

ಇನ್ನೊಂದು ದಾರಿ ಪೊಲಾಕ್ಸಮರ್ 407. ಇದರ ಅಣುವಿಗೆ ಮೂರು ಭಾಗ. ನಡುವಿನದು ನೀರನ್ನು ಒಲ್ಲದು, ಔಷಧದ ಕಣದ ಮೈಗೆ ಕಚ್ಚಿಕೊಳ್ಳುತ್ತದೆ. ಎರಡು ಬದಿಯ ಪೆಗ್ ಬಾಲಗಳು ನೀರಿನ ಕಡೆಗೆ ಚಾಚಿಕೊಳ್ಳುತ್ತವೆ. ರಾಸಾಯನಿಕವಾಗಿ ಬೆಸೆಯುವ ರಗಳೆ ಇಲ್ಲ, ಔಷಧವನ್ನು ಅರೆಯುವಾಗ ಜೊತೆಗೆ ಸೇರಿಸಿದರೆ ತಾನಾಗಿ ಲೇಪವಾಗುತ್ತದೆ. ಪೆಗ್ ಲೇಪದ ಇಷ್ಟೂ ಕಥೆಯಲ್ಲಿ ಪ್ರಯೋಗಾಲಯ ದಾಟಿ ಮಾರುಕಟ್ಟೆಗೆ ಬಂದದ್ದು ಈ ದಾರಿಯೇ, ಅದೂ ಕಣ್ಣಿನ ಹನಿಯಾಗಿ.

ಕಣ್ಣಿಗೆ ಹಾಕುವ ಔಷಧದ ಕಷ್ಟ ಮನೆಮನೆಗೂ ಗೊತ್ತು. ಕ್ಯಾಟರಾಕ್ಟ್ ಆಪರೇಷನ್ ಮಾಡಿಸಿಕೊಂಡು ಬಂದ ಅಜ್ಜಿಗೆ ಮೊದಲ ವಾರ ಈ ಹನಿ ಇಷ್ಟು ಸಲ, ಆ ಹನಿ ಅಷ್ಟು ಸಲ, ಮುಂದಿನ ವಾರ ಒಂದು ಕಮ್ಮಿ ಎಂದು ಚೀಟಿ ಬರೆದು ಕೊಡುತ್ತಾರೆ. ಒಂಟಿಕೊಪ್ಪಲ್ ಕ್ಯಾಲೆಂಡರಿನ ಅಂಚಿನಲ್ಲಿ ಏಕಾದಶಿ, ಸಂಕಷ್ಟಿಯ ಪಕ್ಕದಲ್ಲೇ ಹನಿಯ ಲೆಕ್ಕದ ಗೀಟುಗಳು. ‘ಅಜ್ಜಿ, ಮೇಲೆ ನೋಡಿ, ರೆಪ್ಪೆ ಬಡಿಯಬೇಡಿ’ ಎಂದು ಮೊಮ್ಮಗಳು ಹೇಳುವಷ್ಟರಲ್ಲೇ ಅರ್ಧ ಹನಿ ಕೆನ್ನೆ ಮೇಲೆ. ಒಳಗೆ ಬಿದ್ದದ್ದೂ ಕಣ್ಣೀರಿನ ಜೊತೆ ಮೂಗಿಗೆ ಇಳಿದು, ಗಂಟಲಲ್ಲಿ ಕಹಿಯಾಗುತ್ತದೆ. ಹಾಕಿದ ಔಷಧದಲ್ಲಿ ಕಣ್ಣಿನ ಒಳಕ್ಕೆ ತಲುಪುವುದು ಶೇ. 5ಕ್ಕಿಂತ ಕಡಿಮೆ ಎಂಬುದು ಪಠ್ಯಪುಸ್ತಕದ ಮಾತು.

ಹೇನ್ಸ್ ಸಹಸ್ಥಾಪಕರಾಗಿದ್ದ ಕಾಲಾ ಫಾರ್ಮಾಸ್ಯುಟಿಕಲ್ಸ್ ಎಂಬ ಕಂಪನಿ, ಹಳೆಯ ಸ್ಟೀರಾಯ್ಡ್ ಆದ ಲೋಟೆಪ್ರೆಡ್ನಾಲನ್ನು ಸುಮಾರು 300 ನ್ಯಾನೋಮೀಟರಿನ ಕಣಗಳಾಗಿ ಅರೆದು ಪೊಲಾಕ್ಸಮರ್ ಲೇಪ ಕೊಟ್ಟಿತು. ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರದ ಉರಿಯೂತ, ನೋವಿಗೆ ಈ ಔಷಧಕ್ಕೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಇನ್‌ವೆಲ್ಟಿಸ್ ಎಂಬ ಹೆಸರಿನ ಆ ಹನಿಯನ್ನು ದಿನಕ್ಕೆ ನಾಲ್ಕರ ಬದಲು ಎರಡು ಸಲ ಹಾಕಿದರೆ ಸಾಕು. 2020ರಲ್ಲಿ ಅದೇ ಔಷಧ ಕಡಿಮೆ ಪ್ರಮಾಣದಲ್ಲಿ, ಐಸುವಿಸ್ ಎಂಬ ಹೆಸರಿನಲ್ಲಿ, ಕಣ್ಣೊಣಗುವ ತೊಂದರೆಗೆ ಬಂತು. ಔಷಧ ಹೊಸದಲ್ಲ, ಮೈಲೇಪ ಹೊಸದು. ದಿನಕ್ಕೆ ಎರಡು ಹನಿ ಉಳಿದದ್ದು ಸಣ್ಣ ಲಾಭ ಎನ್ನುವವರು ಅಜ್ಜಿಗೆ ಹನಿ ಹಾಕಿ ನೋಡಿಲ್ಲ ಎಂದೇ ಅರ್ಥ.

ಕಣ್ಣು ಸುಲಭವಾದ ಗುರಿ. ಲೋಳೆ ತೆಳು, ದಾಟಿದ ಮೇಲೆ ಔಷಧ ಅಲ್ಲೇ ಕರಗಿದರೆ ಕೆಲಸ ಆಯಿತು. ಕರುಳಿನಲ್ಲಿ ಹಾಗಲ್ಲ. ಲೋಳೆ ದಾಟಿದ ಕಣವನ್ನು ಜೀವಕೋಶ ಒಳಗೆ ಬಿಟ್ಟುಕೊಳ್ಳಬೇಕು. ಇಲ್ಲಿ ಪೆಗ್ ತಿರುಗಿಬೀಳುತ್ತದೆ. ಯಾವ ಗುಣದಿಂದ ಲೋಳೆಗೆ ಅಂಟಲಿಲ್ಲವೋ ಅದೇ ಗುಣದಿಂದ ಜೀವಕೋಶಕ್ಕೂ ಅಂಟುವುದಿಲ್ಲ. ಬಾಗಿಲವರೆಗೂ ಹೋಗಿ ಅಲ್ಲಿಂದಲೇ ವಾಪಸ್ಸು. ವಿಜ್ಞಾನಿಗಳಿಗೆ ಇದು ಹಳೆಯ ತಲೆನೋವು. ಲೋಳೆಯೊಳಗೆ ಇರುವಾಗ ಜಾರುವ ಹೊದಿಕೆ, ಜೀವಕೋಶದ ಹತ್ತಿರ ಬಂದಾಗ ಕಳಚಿಬಿದ್ದು ಒಳಗಿನ ಧನ ವಿದ್ಯುದಂಶ ಹೊರಬರುವಂಥ ಕಣಗಳನ್ನು ಹಲವರು ಮಾಡಿದ್ದಾರೆ. ಜೀವಕೋಶದ ಪೊರೆಯಲ್ಲಿರುವ ಫಾಸ್ಫಟೇಸ್ ಕಿಣ್ವ ಕಣದ ಮೇಲಿನ ಫಾಸ್ಫೇಟನ್ನು ಕತ್ತರಿಸಿ ವಿದ್ಯುದಂಶ ಬದಲಿಸುವ ಉಪಾಯ ಅದರಲ್ಲಿ ಒಂದು. ವೈರಸ್ಸಿನಂತೆಯೇ ಧನ, ಋಣ ಎರಡನ್ನೂ ಸಮವಾಗಿ ಹೊತ್ತ ಬೀಟೇನ್ ಜಾತಿಯ ಲೇಪಗಳು ಇನ್ನೊಂದು. ಇವುಗಳನ್ನು ಬಳಸಿ ಬಾಯಿಂದ ಇನ್ಸುಲಿನ್ ಕೊಡುವ ಪ್ರಯೋಗಗಳು ಪ್ರಾಣಿಗಳಲ್ಲಿ ಒಳ್ಳೆಯ ಫಲಿತಾಂಶ ತೋರಿಸಿವೆ. ಲೋಳೆಯನ್ನೇ ಕತ್ತರಿಸಿಕೊಂಡು ಹೋಗಲಿ ಎಂದು ಪರಂಗಿಕಾಯಿ ಹಾಲಿನ ಪಪೇನ್ ಕಿಣ್ವವನ್ನು ಕಣದ ಮೈಗೆ ಹಚ್ಚಿದವರೂ ಇದ್ದಾರೆ. ನನಗೆ ಈ ಕೊನೆಯ ಉಪಾಯದ ಮೇಲೆ ಸ್ವಲ್ಪ ಅನುಮಾನ. ಲೋಳೆ ಇರುವುದೇ ರೋಗಾಣುಗಳನ್ನು ತಡೆಯಲು. ಔಷಧಕ್ಕೆ ತೂತು ಕೊರೆದರೆ ಅದರ ಹಿಂದೆ ಬೇರೆ ಯಾರು ನುಗ್ಗುತ್ತಾರೆ ಎಂಬುದನ್ನೂ ನೋಡಬೇಕಲ್ಲ.

ಪೆಗ್‌ನ ಇನ್ನೊಂದು ತೊಡಕು ಪ್ರತಿಕಾಯಗಳದ್ದು, ಅಂದರೆ ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯುವ ರಕ್ತದ ಪ್ರೋಟೀನುಗಳದ್ದು. ಮಾತ್ರೆ, ಕ್ರೀಮು, ವಿರೇಚಕ ಹೀಗೆ ಎಲ್ಲೆಲ್ಲೂ ಇರುವುದರಿಂದ ಅನೇಕರ ರಕ್ತದಲ್ಲಿ ಪೆಗ್ ವಿರುದ್ಧದ ಪ್ರತಿಕಾಯಗಳಿವೆ. ಫೈಜರ್ ಮತ್ತು ಮಾಡರ್ನಾ ಕಂಪನಿಗಳ ಕೋವಿಡ್ ಲಸಿಕೆಗಳ ಕೊಬ್ಬಿನ ಕಣಗಳಲ್ಲೂ ಪೆಗ್ ಇದ್ದುದರಿಂದ ಈ ಚರ್ಚೆ ಕಾವೇರಿತು. ನಮ್ಮಲ್ಲಿ ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್, ಕೊವ್ಯಾಕ್ಸಿನ್‌ಗಳಲ್ಲಿ ಅದು ಇರಲಿಲ್ಲ.

ಬಾಯಿಂದ ಇನ್ಸುಲಿನ್ ಎಂಬ ಕನಸು ಇನ್ಸುಲಿನ್‌ನಷ್ಟೇ ಹಳೆಯದು. ಬೆಂಗಳೂರಿನ ಬಯೋಕಾನ್ ಕಂಪನಿ ಇನ್ಸುಲಿನ್ ಅಣುವಿಗೇ ಗಿಡ್ಡ ಗ್ಲೈಕಾಲ್ ಬಾಲ ಜೋಡಿಸಿ ಮಾತ್ರೆ ಮಾಡಿತ್ತು. ಭಾರತದಲ್ಲಿ ನಡೆದ ಮೂರನೇ ಹಂತದ ಪರೀಕ್ಷೆ ಮೂರು ತಿಂಗಳ ಸಕ್ಕರೆ ಸರಾಸರಿಯನ್ನು ಇಳಿಸುವ ಮುಖ್ಯ ಗುರಿ ಮುಟ್ಟಲಿಲ್ಲ ಎಂದು 2011ರಲ್ಲಿ ಕಂಪನಿಯೇ ಹೇಳಿತು. ಅದು ನ್ಯಾನೋ ಕಣವಲ್ಲ, ಆದರೆ ಕರುಳಿನ ದಾರಿ ಎಷ್ಟು ಕಠಿಣ ಎಂಬುದಕ್ಕೆ ನಮ್ಮ ಪಕ್ಕದ ಊರಿನದೇ ಸಾಕ್ಷಿ. ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಮಾತ್ರೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದೂ ನ್ಯಾನೋ ಲೇಪದಿಂದಲ್ಲ. ಅದರ ಜೊತೆಗಿರುವ ಸಹಾಯಕ ವಸ್ತು ಜಠರದಲ್ಲೇ ಔಷಧವನ್ನು ಹೀರಿಸುತ್ತದೆ. ಹಾಗಿದ್ದೂ ರಕ್ತಕ್ಕೆ ಸೇರುವುದು ಶೇ. 1ರ ಆಸುಪಾಸು. ಖಾಲಿ ಹೊಟ್ಟೆಯಲ್ಲಿ, ಗುಟುಕು ನೀರಿನಲ್ಲಿ ನುಂಗಿ ಅರ್ಧ ಗಂಟೆ ಕಾಫಿ ಕೂಡ ಕುಡಿಯಬಾರದು. ಮೈಸೂರಿನವರಿಗೆ ಬೆಳಗಿನ ಆ ಅರ್ಧ ಗಂಟೆ ಸಣ್ಣ ಬೆಲೆಯೇನಲ್ಲ!

ನಮ್ಮ ಸೀಮೆಗೆ ಇದೆಲ್ಲದರಲ್ಲಿ ಹೆಚ್ಚು ಸಂಬಂಧಪಟ್ಟದ್ದು ಶ್ವಾಸಕೋಶ. ಸೌದೆ ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದ ಹೆಂಗಸರು, ಆಲೆಮನೆಯ ಒಲೆಗೆ ಸಿಪ್ಪೆ ಒಟ್ಟುವವರು, ಕಬ್ಬಿನ ತರಗಿಗೆ ಬೆಂಕಿ ಇಟ್ಟಾಗ ಹೊಗೆ ಕುಡಿಯುವ ಸುತ್ತಲಿನವರು. ಬೀಡಿ ಮುಟ್ಟದವರಿಗೂ ಸಿಒಪಿಡಿ, ಅಂದರೆ ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಕಾಯಿಲೆ, ಬರುತ್ತದೆ. ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ‘ಮುದ್ರಾ’ ಎಂಬ ಹೆಸರಿನ ಅಧ್ಯಯನದಲ್ಲಿ ಗ್ರಾಮೀಣ ಜನರ ಇಂಥ ತೊಂದರೆಗಳನ್ನು ಹಿಂಬಾಲಿಸಿದ್ದಾರೆ. ಈ ರೋಗಿಗಳ ಎದೆಯಲ್ಲಿರುವ ಕಫ ಆರೋಗ್ಯವಂತರ ಲೋಳೆಯಂತಿರುವುದಿಲ್ಲ. ನೀರು ಕಮ್ಮಿ, ಮ್ಯೂಸಿನ್ ಹೆಚ್ಚು, ಜೊತೆಗೆ ಸತ್ತ ಬಿಳಿ ರಕ್ತಕಣಗಳ ಡಿಎನ್‌ಎ ಎಳೆಗಳು ಸೇರಿ ಇನ್ನಷ್ಟು ಗಟ್ಟಿ. ಆನುವಂಶಿಕ ಕಾಯಿಲೆಯಾದ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಕಫದಲ್ಲಿ ಬಲೆಯ ಕಣ್ಣಿನ ಸರಾಸರಿ ಸುಮಾರು 140 ನ್ಯಾನೋಮೀಟರಿಗೆ ಇಳಿದದ್ದನ್ನು 2009ರಲ್ಲಿ ಅಳೆದಿದ್ದಾರೆ. ಅಲ್ಲಿ ಪೆಗ್ ಹಾಕಿಕೊಂಡ 200ರ ಕಣ ಇನ್ನೂ ಓಡುತ್ತದೆ, ಆದರೆ 500ರದ್ದು ಪೆಗ್ ಹಾಕಿಕೊಂಡರೂ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ಗಾತ್ರ ಮತ್ತೆ ಲೆಕ್ಕಕ್ಕೆ ಬರುವುದು ಇಲ್ಲಿ. ಒಬ್ಬ ರೋಗಿಗೆ ಒಪ್ಪಿದ ಕಣ ಇನ್ನೊಬ್ಬರಿಗೆ ಒಪ್ಪಬೇಕಾಗಿಲ್ಲ.

ಈ ದಾರಿಯಲ್ಲಿ ಬಂದ ಗೆಲುವುಗಳು ಬೆರಳೆಣಿಕೆಯವು. ಕಫದೊಳಗಿನ ಡಿಎನ್‌ಎ ಕತ್ತರಿಸುವ ಕಿಣ್ವ, ಡೋರ್ನೇಸ್ ಆಲ್ಫಾ, 1993ರಲ್ಲಿ ಬಂತು. ಅಮಿಕಾಸಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ವಿದ್ಯುದಂಶವಿಲ್ಲದ ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿ ಉಸಿರಿನ ಮೂಲಕ ಕೊಡುವ ಔಷಧಕ್ಕೆ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಕ್ಷಯದ ಬ್ಯಾಕ್ಟೀರಿಯಾದ ದಾಯಾದಿಗಳಿಂದ ಬರುವ ಹಠಮಾರಿ ಶ್ವಾಸಕೋಶದ ಸೋಂಕಿಗೆ ಅದು. ಬರೀ ಅಮಿಕಾಸಿನ್ ಧನ ವಿದ್ಯುದಂಶದ ಅಣು, ಕಫಕ್ಕೆ ಅಂಟುತ್ತದೆ. ಗುಳ್ಳೆಯೊಳಗೆ ಕೂತಾಗ ಅಂಟುವುದಿಲ್ಲ. ಅದೇ 1990ರ ದಶಕದಲ್ಲಿ ಸಿಸ್ಟಿಕ್ ಫೈಬ್ರೋಸಿಸ್‌ಗೆ ವಂಶವಾಹಿ ಚಿಕಿತ್ಸೆ ಇನ್ನೇನು ಬಂದೇಬಿಟ್ಟಿತು ಎಂದು ಸಂಭ್ರಮಿಸಿದ್ದವರು ಸೋತ ಕಾರಣಗಳಲ್ಲಿ ಕಫವೂ ಒಂದಾಗಿತ್ತು.

ಹಾಗಾದರೆ ಅಂಗಡಿಯ ನ್ಯಾನೋ ಡಬ್ಬಿಯನ್ನು ಏನು ಮಾಡುವುದು? ವಿಟಮಿನ್ ಡಿ ಬಾಟಲಿಯಲ್ಲಿ ನ್ಯಾನೋ ಅಂದರೆ ಎಣ್ಣೆಯಲ್ಲಿ ಕರಗುವ ವಿಟಮಿನ್ನನ್ನು ನೀರಿನಲ್ಲಿ ಬೆರೆಯುವಷ್ಟು ಸಣ್ಣ ಹನಿ ಮಾಡಿದ್ದಾರೆ ಎಂದರ್ಥ. ಅದಕ್ಕೂ ಲೋಳೆ ದಾಟುವ ಲೇಪಕ್ಕೂ ಸಂಬಂಧವಿರಬೇಕೆಂದಿಲ್ಲ. ಅರಿಶಿನದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಕಷ್ಟ ಎಂಬುದು ನಿಜ. ಕಾಳುಮೆಣಸಿನ ಪೈಪರೀನ್ ಜೊತೆ ಕೊಟ್ಟಾಗ ಮನುಷ್ಯರಲ್ಲಿ ಅದು ಸೇರುವ ಪ್ರಮಾಣ ಶೇ. 2,000ದಷ್ಟು ಏರಿತೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲೇ ವರದಿ ಮಾಡಿದ್ದರು. ಅದಕ್ಕೆ ನ್ಯಾನೋ ಬೇಕಾಗಿರಲಿಲ್ಲ, ಸಾರಿನ ಪುಡಿ ಮಾಡುವವರಿಗೆ ಎರಡೂ ಪದಾರ್ಥ ಕೈಗೆಟುಕುವಲ್ಲೇ ಇವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2019ರ ಅಕ್ಟೋಬರಿನಲ್ಲಿ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರಡಿಸಿದೆ. ಕಣದ ಗಾತ್ರದ ಜೊತೆಗೆ ಮೇಲ್ಮೈ ಗುಣಗಳ ವಿವರವನ್ನೂ ಅದು ಕೇಳುತ್ತದೆ. ಆದರೆ ಅದು ಔಷಧಗಳಿಗೆ. ಆಹಾರ ಪೂರಕ ಎಂಬ ಹಣೆಪಟ್ಟಿಯಲ್ಲಿ ಮಾರುವ ಕ್ಯಾಪ್ಸೂಲು ಬೇರೆ ಕಾನೂನಿನಡಿ ಬರುತ್ತದೆ. ಕಂಪನಿಯ ಪ್ರತಿನಿಧಿ ಕರಪತ್ರ ಹಿಡಿದು ಬಂದಾಗ ವೈದ್ಯರು ಕೇಳಬೇಕಾದದ್ದು ಎರಡೇ ಮಾತು: ಲೇಪ ಯಾವುದು, ಅದನ್ನು ಯಾರ ಲೋಳೆಯಲ್ಲಿ ಪರೀಕ್ಷಿಸಿದ್ದೀರಿ?

ಎರಡನೆಯ ಪ್ರಶ್ನೆ ಕಂಪನಿಗಳಿಗೆ ಮಾತ್ರ ಅಲ್ಲ. ಎಷ್ಟೋ ಪ್ರಯೋಗಾಲಯಗಳು ಹಂದಿಯ ಜಠರದಿಂದ ತೆಗೆದು ಒಣಗಿಸಿ ಮಾರುವ ಮ್ಯೂಸಿನ್ ಪುಡಿಯನ್ನು ನೀರಿಗೆ ಕಲಸಿ ಕೆಲಸ ಮುಗಿಸುತ್ತವೆ. ಶುದ್ಧೀಕರಿಸುವಾಗ ಅದರ ಎಳೆಗಳು ತುಂಡಾಗಿರುತ್ತವೆ, ನಿಜವಾದ ಲೋಳೆಯ ಬಲೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಅದರಲ್ಲಿ ಸಲೀಸಾಗಿ ಓಡಿದ ಕಣ ರೋಗಿಯ ಎದೆಯಲ್ಲೂ ಓಡುತ್ತದೆ ಎನ್ನಲು ಆಧಾರವಿಲ್ಲ. ಮೈಸೂರಿನಲ್ಲಿ 1973ರಿಂದ ಫಾರ್ಮಸಿ ಕಾಲೇಜಿದೆ, ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದಲ್ಲಿ ವೈದ್ಯಕೀಯ ಕಾಲೇಜು ಮಿಮ್ಸ್ ಇದೆ. ಎದೆರೋಗದ ಹೊರರೋಗಿ ವಿಭಾಗದಲ್ಲಿ ಪ್ರತಿದಿನ ಕಫದ ಡಬ್ಬಿಗಳು ತುಂಬುತ್ತವೆ, ಪರೀಕ್ಷೆ ಮುಗಿದ ಮೇಲೆ ಔಷಧ ಹಾಕಿ ಎಸೆಯುತ್ತಾರೆ. ನೈತಿಕ ಸಮಿತಿಯ ಅನುಮತಿ, ರೋಗಿಯ ಸಹಿ, ಕ್ಷಯ ಇಲ್ಲವೆಂಬ ಖಾತ್ರಿ, ಸುರಕ್ಷಿತ ಕ್ಯಾಬಿನೆಟ್ಟು ಇವಿಷ್ಟನ್ನು ಒದಗಿಸಿಕೊಂಡು, ಸೌದೆ ಹೊಗೆಯಿಂದ ಸಿಒಪಿಡಿ ಬಂದ ಹಳ್ಳಿಯ ಹೆಂಗಸರ ಕಫದಲ್ಲಿ ಬಲೆಯ ಕಣ್ಣು ಎಷ್ಟಿದೆ ಎಂದು ಅಳೆಯುವುದು ಒಬ್ಬ ಪಿಎಚ್‌ಡಿ ವಿದ್ಯಾರ್ಥಿಯ ಕೈಲಿ ಆಗುವ ಕೆಲಸ. ಬೇಕಾಗುವ ದೊಡ್ಡ ಖರ್ಚು ವಿಡಿಯೋ ತೆಗೆಯುವ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕ ಒಂದೇ, ಅದನ್ನು ಮೂರ್ನಾಲ್ಕು ಸಂಸ್ಥೆಗಳು ಹಂಚಿಕೊಳ್ಳಬಹುದು.